ಗೋಡೆಗೆ ಹಚ್ಚುವ ಹಳದಿ

ಹಳದಿ ಎಂಬುದು ಒಂದೇ ಬಣ್ಣ ಎಂದು ಅರವತ್ತೆರಡು ವರ್ಷ ನಂಬಿದ್ದೆ. ಜತ್ತ ಪೇಟೆಯ ಅಂಗಡಿಯವನು ಬಣ್ಣದ ಕಾರ್ಡು ಬಿಚ್ಚಿದಾಗ ಆ ನಂಬಿಕೆ ಹೋಯಿತು. ಅದರಲ್ಲಿ ಇಪ್ಪತ್ತು ಹಳದಿಗಳಿದ್ದವು. ನಿಂಬೆಹಣ್ಣಿನದು, ಬೆಣ್ಣೆಯದು, ಕಾಮಾಲೆಯದು ಎಂದು ನಾನೇ ಹೆಸರಿಡುತ್ತ ತಲೆ ಕೆಡಿಸಿಕೊಂಡೆ. ಕೊನೆಗೆ ಕಡಲೆಬೇಳೆಯ ಬಣ್ಣಕ್ಕೆ ಕೈ ತೋರಿಸಿದೆ. ಹೋಳಿಗೆ ನೆನಪಾಯಿತು, ಅಷ್ಟೇ ಕಾರಣ.

ಇಷ್ಟೆಲ್ಲ ನನ್ನ ಮಗಳು ಗೌರಿಗಾಗಿ. ಅವಳು ಇಲ್ಲೇ, ಮಹಾರಾಷ್ಟ್ರದ ಗಡಿಯೊಳಗಿನ ನಮ್ಮೂರು ಸಂಖದ ಕಚೇರಿಯಲ್ಲಿ ಕೆಲಸಕ್ಕಿದ್ದಾಳೆ. ಹೋದ ಯುಗಾದಿಗೆ ಅವಳನ್ನು ಕೇಳದೆ ಒಂದು ವರನನ್ನು ಮನೆಗೆ ಕರೆಸಿ ಕೂರಿಸಿದ್ದೆ. ಅಂದಿನಿಂದ ನಮ್ಮ ಮಾತುಕತೆ "ಊಟ ಆತೇನು", "ಆತು" ಎಂಬಲ್ಲಿಗೆ ನಿಂತಿತ್ತು. ಇನ್ನು ನಿನ್ನನ್ನು ಕೇಳದೆ ಮದುವೆಯ ಸುದ್ದಿ ಎತ್ತುವುದಿಲ್ಲ ಎಂದು ಆಣೆ ಮಾಡಿದೆ. ಅವಳು ನಂಬಿದಂತೆ ಕಾಣಲಿಲ್ಲ. ನಡುಮನೆ ಕತ್ತಲೆ ಎಂದು ಅವಳು ಎಂದೋ ಅಂದಿದ್ದಳು. ತಪ್ಪಾಯಿತು ಎನ್ನಲು ಬಾಯಿ ಬಾರದ ನಾನು ಗೋಡೆಗೆ ಬಣ್ಣ ಬಳಿಸಲು ಹೊರಟೆ.

ಬಣ್ಣದ ಡಬ್ಬಿ ಹಿಡಿದು ಬಸ್ಸು ಹತ್ತಿ, ಮುಚ್ಚಂಡಿಯ ಪೇಂಟರ್‌ಗೆ ಫೋನು ಮಾಡಿದೆ. "ಶುಕ್ರವಾರ ನಮ್ಮ ಮನ್ಯಾಗ ಹಳದಿ ಐತಿ. ಗೌರಿಗಿನ್ನಾ ಹೇಳಿಲ್ಲ. ಲಗೂನ ಬರ್ರಿ."

ಹಿಂದಿನ ಸೀಟಿನಲ್ಲಿ ನೆರೆಮನೆಯ ಶಾಂತಾಬಾಯಿ ಇದ್ದರು. ಅವರ ಮನೆಮಾತು ಮರಾಠಿ, ಪೇಂಟರನದೂ ಅದೇ. ನಮಗೆ ಮದುವೆಯಲ್ಲಿ ಹಚ್ಚುವುದು ಅರಿಷಿಣ, ಗೋಡೆಗೆ ಹಚ್ಚುವುದು ಹಳದಿ. ಅವರಿಗೆ ಗೋಡೆಯದು ಪಿವಳಾ; ಹಳದಿ ಎಂದರೆ ಮದುಮಗಳಿಗೆ ಅರಿಷಿಣ ಹಚ್ಚುವ ಶಾಸ್ತ್ರ. ಮೂವತ್ತು ವರ್ಷ ಕನ್ನಡ ಸಾಲಿಯಲ್ಲಿ ಮಕ್ಕಳಿಂದ ಪದಗಳ ಅರ್ಥ ಬರೆಸಿದ ನನಗೆ ಆಗ ಇದು ಹೊಳೆಯಲೇ ಇಲ್ಲ.

ಶುಕ್ರವಾರ ಬೆಳಿಗ್ಗೆ ಶಾಂತಾಬಾಯಿ ನಾಲ್ವರು ಹೆಂಗಸರೊಂದಿಗೆ ಕುಪ್ಪಸದ ಖಣ, ತೆಂಗಿನಕಾಯಿ, ಅರಿಷಿಣದ ಬಟ್ಟಲು ಹಿಡಿದು ಬಂದು ಗೌರಿಯನ್ನು ಕರೆದರು. ಕಚೇರಿಗೆ ಹೊರಟಿದ್ದ ಗೌರಿ ಬಟ್ಟಲು ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಹಳದಿ ಗೋಡಿಗಿರಿ, ಗೌರಿಗಲ್ಲ" ಎಂದು ತೊದಲಿದೆ.

"ಗೋಡಿ ಅಂದ್ರ ಯಾವೂರ ಮಂದೀರಿ?" ಎಂದರು ಶಾಂತಾಬಾಯಿ. ಬೀಗರ ಮನೆತನದ ಹೆಸರು ಅಂದುಕೊಂಡಿದ್ದರು.

ಅಷ್ಟರಲ್ಲಿ ನನ್ನ ಏಕಮಾತ್ರ ಸಾಕ್ಷಿಯಾದ ಪೇಂಟರ್ ಬಂದ. ಬ್ರಷ್ಷಿಲ್ಲ, ಏಣಿಯಿಲ್ಲ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಕೈಯಲ್ಲಿ ಮದುವೆಗೆ ಕೊಡುವ ಆಹೇರಿನ ಪೊಟ್ಟಣ. ನಿಜವಾಗಿಯೂ ನಾನೇ ಮಗಳ ಮದುವೆ ಗೊತ್ತುಮಾಡಿ ಮರೆತಿದ್ದೇನೋ ಎಂಬ ಅನುಮಾನ ನನಗೇ ಬಂತು.

ಕೊನೆಗೆ ಮಂಚದ ಕೆಳಗಿನಿಂದ ಡಬ್ಬಿ ಎಳೆದು ಮುಚ್ಚಳ ತೆಗೆದೆ. "ನಡುಮನಿ ಕತ್ತಲ ಅಂದಿದ್ದಿಯಲ್ಲ ಗೌರಿ, ಅದಕ್ಕ ತಂದೀನಿ. ಯುಗಾದಿಗಿ ನಿನ್ನ ಕೇಳಬೇಕಿತ್ತು. ನಂದು ತಪ್ಪಾತು."

ಗೌರಿ ಡಬ್ಬಿಯಲ್ಲಿ ಬಗ್ಗಿ ನೋಡಿದಳು.

"ಈ ಬಣ್ಣಾನೂ ನನ್ನ ಕೇಳಲಿಲ್ಲಲ್ಲ, ಅಪ್ಪಾ."

ಅವಳು ಬೆರಳದ್ದಿ ನನ್ನ ಗಲ್ಲಕ್ಕೆ ಹಚ್ಚಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿದಳು. "ಚಲೋ ಕಾಣತೈತಿ. ಹಚ್ಚಸು" ಎಂದಳು. ಹೆಂಗಸರು ನಕ್ಕು, ಚಹಾ ಕುಡಿದು, ಖಣ ಅವಳಿಗೇ ಕೊಟ್ಟು ಹೋದರು.

ಈಗ ಮೂರು ಗೋಡೆ ಹಳದಿಯಾಗಿವೆ. ನಾಲ್ಕನೆಯದಕ್ಕೆ ಯಾವ ಬಣ್ಣ ಎಂದು ಗೌರಿಯನ್ನು ಕೇಳಿದ್ದೇನೆ. ವಿಚಾರ ಮಾಡಿ ಹೇಳುತ್ತೇನೆ ಅಂದಿದ್ದಾಳೆ. ತಿಂಗಳಾಯಿತು, ಇನ್ನೂ ಹೇಳಿಲ್ಲ. ಅವಸರವೂ ಇಲ್ಲ, ಈಚೆಗೆ "ಊಟ ಆತೇನು" ಎಂದು ಅವಳೇ ಮೊದಲು ಕೇಳುತ್ತಾಳೆ.