ಟಗರಿಗಾಗಿ ಬಿಟ್ಟ ಕೆಫೀನ್ ಹನಿ

ಬೀದರಿನ ಒಂದು ಪ್ರಯೋಗಾಲಯದಲ್ಲಿ ಹೋರಿ, ಟಗರುಗಳ ವೀರ್ಯವನ್ನು ಸೂಕ್ಷ್ಮದರ್ಶಕದಡಿ ಪರೀಕ್ಷಿಸುವುದು ನನ್ನ ಉದ್ಯೋಗ. ಇದನ್ನು ನೆಂಟರಿಗೆ ಬಿಡಿಸಿ ಹೇಳಲು ನಾಚಿಕೆಯಾಗಿ ‘ದನದ ದವಾಖಾನೆ’ ಎಂದಷ್ಟೇ ಹೇಳಿದ್ದೆ. ಆ ಜಾಣತನವೇ ಮುಳುವಾಯಿತು.

ನನ್ನನ್ನು ದನದ ಡಾಕ್ಟರನೆಂದೇ ನಂಬಿದ್ದ ಎಕಂಬಾದ ಸೋದರಮಾವ ಫೋನು ಮಾಡಿ, ಹಿಂಡಿನ ಟಗರು ಸೊರಗಿದೆ, ಭಾಲ್ಕಿಯಲ್ಲಿ ಯಾರೋ ತಾಕತ್ತಿನ ಸೂಜಿ ಹೇಳಿದ್ದಾರೆ, ಹಾಕಿಸಲೇ ಎಂದು ಕೇಳಿದರು. ನಾನಾಗ ಬಿ.ಪಿ. ಗುಳಿಗೆ ನುಂಗಿದೆನೋ ಇಲ್ಲವೋ ಎಂಬ ಚಿಂತೆಯಲ್ಲಿದ್ದೆ. ಯಾವ ಸೂಜಿ ಎಂದೂ ಕೇಳದೆ “ಹಾಕಸ್ರಿ ಮಾಮಾ” ಎಂದುಬಿಟ್ಟೆ.

ಕೆಲವೇ ತಿಂಗಳಲ್ಲಿ ಟಗರು ಪೈಲ್ವಾನನಾಯಿತು. ಆದರೆ ಹಿಂಡಿನಲ್ಲಿ ಒಂದು ಕುರಿಯೂ ಗಬ್ಬವಾಗಲಿಲ್ಲ. ಮಾವ ಅದನ್ನು ಟೆಂಪೋದಲ್ಲಿ ಹೇರಿಕೊಂಡು ನನ್ನಲ್ಲಿಗೇ ಬಂದರು. ಮಾದರಿ ತೆಗೆದು ನೋಡಿದರೆ, ಓಡಾಡಬೇಕಾದ ವೀರ್ಯಾಣುಗಳು ಬಸ್ಸು ತಪ್ಪಿಸಿಕೊಂಡವರಂತೆ ಸುಮ್ಮನಿದ್ದವು.

“ಓಡ್ತಾವೇನೊ ಅಳಿಯಾ?” ಬೆನ್ನ ಹಿಂದೆಯೇ ನಿಂತ ಮಾವ ಕೇಳಿದರು.

“ಜರಾ ತಡೀರಿ.”

“ಓಡಲಿಲ್ಲಂದ್ರ ಇದನ್ನ ಕಡಿಲಿಕ್ಕ ಖಟಿಕಗ ಕೊಟ್ಟು, ಡಾಬಕಾ ಊರಾಗ ಬ್ಯಾರೆ ಟಗರು ನೋಡ್ತೀನಿ.”

ಕೈಗೆಟುಕುವಲ್ಲಿ ಕೆಫೀನ್ ದ್ರಾವಣದ ಸೀಸೆಯಿತ್ತು. ಚಹಾ ನನಗೆ ಮಾಡುವುದನ್ನೇ ಅದು ಮಂಕು ವೀರ್ಯಾಣುಗಳಿಗೆ ಮಾಡುತ್ತದೆ, ಅದೂ ಗಾಜಿನ ಮೇಲೆ, ಸ್ವಲ್ಪ ಹೊತ್ತು. ಒಂದು ಹನಿ ಬಿಟ್ಟೆ. ಕೆಲವು ಎದ್ದು ಹೊರಳಿದವು. ಮಾವನಿಗೆ ತೋರಿಸಿದೆ.

“ಅಲಲಲಾ, ಗಾಂಧಿ ಗಂಜ್ ಮಾರ್ಕೆಟಿನ ಹಮಾಲರಂಗ ಓಡ್ಯಾಡ್ಲಕತ್ತಾವ.”

ಅವರು ಟಗರನ್ನು ಟೆಂಪೋಗೆ ಏರಿಸುವಷ್ಟರಲ್ಲಿ ನಾನು ಹೊರಗೆ ಓಡಿದೆ. ಇದನ್ನೇ ನಂಬಿದರೆ ಈ ಹಂಗಾಮಿಗೂ ಮಾವನ ಹಿಂಡಿನಲ್ಲಿ ಮರಿಗಳಿಲ್ಲ. ಅಡ್ಡ ನಿಂತು ಎಲ್ಲ ಹೇಳಿದೆ: ಅವನ್ನು ಓಡಿಸಿದ್ದು ನನ್ನ ದವಾ; ಆ ಸೂಜಿ ಹಾರ್ಮೋನಿನದಿರಬೇಕು, ಮೈ ಬೆಳೆಸಿ ಬೀಜ ಕೆಡಿಸಿದೆ; ನಿಲ್ಲಿಸಿದರೆ ಒಂದೆರಡು ತಿಂಗಳಲ್ಲಿ ಸುಧಾರಿಸಬಹುದು.

“ಸೂಜಿ ಹಾಕಸ್ರಿ ಅಂದಾಂವ ಯಾರು?”

“ನಾನೇ ಮಾಮಾ.”

“ಹಂಗಾದ್ರ ಸುಧಾರಸೋ ತನಕಾ ಟಗರು ನಿನ್ನ ಬಲ್ಲೇ ಇರ್ಲಿ.”

ಅಂದಿನಿಂದ ಟಗರು ನಮ್ಮ ಮೆಟ್ಟಿಲ ಕೆಳಗಿದೆ. ಬಾಗಿಲು ತೆರೆದರೆ ಗುಮ್ಮಲು ಬರುತ್ತದೆ. ಅದಕ್ಕೆ ಒಂದು ಹಿಡಿ ಮೇವು ಒಪ್ಪಿಸದೆ ನಾನು ಹೊರಗೆ ಕಾಲಿಡುವಂತಿಲ್ಲ. ಅದನ್ನು ಬಿಟ್ಟು ಹೋಗಲಾಗದೆ ಔರಾದದಲ್ಲಿ ನೆಂಟರ ಮದುವೆಯೂ ತಪ್ಪಿತು.

“ನಿಮ್ಮ ಮಾಮಾ ಬಂದ್ರ ಒಂದ್ ದಿನಾ ನಿಲ್ಲಂಗಿಲ್ಲ,” ಎನ್ನುತ್ತಾಳೆ ಹೆಂಡತಿ. “ಅವರ ಟಗರಿಗಿ ನಮ್ಮನಿ ಭಾಳ ಸೇರ್ಯಾದ.”

ಎರಡು ತಿಂಗಳಾದ ಮೇಲೆ, ಹೋದ ವಾರ, ಮತ್ತೆ ಪರೀಕ್ಷಿಸಿದೆ. ಅಷ್ಟರಲ್ಲಿ ಮಾವನ ಫೋನು ಬಂತು. ಸೀಸೆ ಪಕ್ಕದಲ್ಲೇ ಇತ್ತು. ಒಂದು ಹನಿ ಬಿಟ್ಟು ವಿಡಿಯೊ ಕಳಿಸಿದ್ದರೆ ಟಗರಿಗೂ ನನಗೂ ಅಂದೇ ಬಿಡುಗಡೆ. ಮುಚ್ಚಳ ಬಿಗಿದೆ.

“ಓಡ್ತಾವೇನೊ?”

“ಇಲ್ರಿ ಮಾಮಾ. ಒಂದಿಷ್ಟು ತೆವಳ್ತಾವ.”

“ಈ ಸಲ ಹಿಂಡಿಗಿ ಡಾಬಕಾದ್ದೇ ತರ್ತೀನಿ. ನಮ್ಮ ಟಗರು ಇನ್ನೊಂದು ತಿಂಗಳು ಅಲ್ಲೇ ಇರ್ಲಿ.”

“ಖಟಿಕಗ ಕೊಡಂಗಿಲ್ಲೇನ್ರಿ?”

“ತೆವಳ್ತಾವ ಅಂದ್ಯಲ್ಲ.”

ಹೆಂಡತಿಗೆ ಹೇಗೆ ಹೇಳುವುದೆಂದು ಯೋಚಿಸುತ್ತ, ಎರಡು ಕಟ್ಟು ಹಸಿ ಮೇವು ಕೊಂಡು ಮನೆಗೆ ನಡೆದೆ.