ಗಾಡಿ ಮಲಗಿಸಿದ ಸಂಜೆ

ನಮ್ಮತ್ತೆಯ ಹಣೆಯಲ್ಲಿ ಮೂರೆಳೆ ವಿಭೂತಿ, ಉಗುರುಸಂದಿಯಲ್ಲಿ ಗ್ರೀಸಿನ ಕಪ್ಪು. ಲಿಂಗಪೂಜೆಗೆ ಕೂರುವ ಮುಂಚೆ ಸೀಗೆಪುಡಿ ಹಾಕಿ ಎಷ್ಟು ತಿಕ್ಕಿದರೂ ಆ ಕಪ್ಪು ಪೂರ್ತಿ ಹೋಗುತ್ತಿರಲಿಲ್ಲ. ಯಾರಾದರೂ ಆಡಿಕೊಂಡರೆ, "ಕೆಲ್ಸ ಮಾಡಿದ ಕೈ ಕಣವ್ವ, ಕದ್ದ ಕೈಯಲ್ಲ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ನಮ್ಮೂರು ಗೋಪಾಲಸ್ವಾಮಿ ಬೆಟ್ಟದ ತಪ್ಪಲಿನಲ್ಲಿದೆ. ನನ್ನ ಗಂಡ ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಒಳಗೆ ಮಂಚ, ಒಲೆ, ನೀರಿನ ಟ್ಯಾಂಕು ಕೂರಿಸಿ, ಬೆಟ್ಟಕ್ಕೂ ವಯನಾಡಿಗೂ ಬರುವ ಪ್ರವಾಸಿಗರನ್ನು ಸುತ್ತಾಡಿಸುತ್ತಿದ್ದರು. ಊರವರ ಬಾಯಲ್ಲಿ ಅದು 'ಮನೆಗಾಡಿ' ಆಯಿತು. ಮಳೆ ಹಿಡಿದು ಜನ ಕಡಿಮೆಯಾದಾಗ ಅದನ್ನು ತೋಟದಲ್ಲಿ ಪಂಪ್‌ಸೆಟ್ಟಿನ ಮೋಟರ್ ಮನೆಯ ಹತ್ತಿರದ ಶೆಡ್ಡಿನಲ್ಲಿ ತಿಂಗಳುಗಟ್ಟಲೆ ನಿಲ್ಲಿಸುತ್ತಿದ್ದೆವು. ಹಾಗೆ ನಿಲ್ಲಿಸುವ ಮುನ್ನ ಅದನ್ನು ಅಣಿಗೊಳಿಸುವುದು ತಾಯಿ ಮಗನ ಕೆಲಸ. "ಓಡೋ ಗಾಡಿ ಕೆಡಕಿಲ್ಲ ಕಣಮ್ಮಿ, ನಿಂತ ಗಾಡಿ ಕೆಡ್ತದ" ಎಂದು ಅತ್ತೆ ಹೇಳುತ್ತಿದ್ದರು.

ಒಂದು ಚಳಿಗಾಲದಲ್ಲಿ ಗಂಡ ಎದೆನೋವೆಂದು ಕುಸಿದವರು ಮತ್ತೆ ಏಳಲಿಲ್ಲ. ಆ ಬೇಸಿಗೆ ಬಾಡಿಗೆ ಡ್ರೈವರೊಬ್ಬ ಗಾಡಿ ಓಡಿಸಿ, ಮಳೆ ಬೀಳುತ್ತಲೇ ಬಿಟ್ಟುಹೋದ. "ಮಾರ್ಬುಡವ್ವ, ಇನ್ಯಾರು ಓಡಿಸಾರು?" ಎಂದ ನನ್ನ ಮೈದುನ. ಒಂದು ಮಧ್ಯಾಹ್ನ ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಾ, ಗಾಡಿ ಮಲಗಿಸನ" ಎಂದು ನನ್ನನ್ನು ಕರೆದರು.

ಮೊದಲು ಗ್ಯಾಸ್ ಸಿಲಿಂಡರ್ ಇಳಿಸಿದೆವು. ಟ್ಯಾಂಕಿನ ನೀರು ಬಸಿದೆವು. ಹಾಸಿಗೆ, ಬ್ಯಾಟರಿ ಮನೆಗೆ ಸಾಗಿಸಿದೆವು. ಇಲಿ ನುಗ್ಗುವ ತೂತುಗಳಿಗೆ ತಂತಿಬಲೆ ತುರುಕಿದೆವು. ಟೈರುಗಳು ಭಾರಕ್ಕೆ ಚಪ್ಪಟೆಯಾಗದಿರಲೆಂದು ಜಾಕ್ ಕೊಟ್ಟು ಗಾಡಿ ಎತ್ತಿ, ಅಚ್ಚಿನಡಿಗೆ ಕಲ್ಲು ಕೊಟ್ಟೆವು. ಅಷ್ಟರಲ್ಲಿ ಸಂಜೆಯಾಗಿತ್ತು, ಹನಿ ಬೀಳುತ್ತಿತ್ತು. ಕೊನೆಗೆ ಅತ್ತೆ ಒಳಗೆ ಹೋಗಿ ಮೂಲೆಮೂಲೆ ಮೂಸಿ ನೋಡುವುದು ವಾಡಿಕೆ. ಆವತ್ತು ಮೂಸಿದವರೇ ನನ್ನನ್ನು ಕೂಗಿದರು.

"ಹಲಸಿನಣ್ಣಿನ ನಾತ ಅದ ಕಣಮ್ಮಿ."

ಮಂಚದಡಿಯ ಪೆಟ್ಟಿಗೆಯಲ್ಲಿ, ಕಡೆಯ ಪ್ರವಾಸಿಗರು ವಯನಾಡಿನಿಂದ ತಂದು ಮರೆತುಹೋಗಿದ್ದ ಹಣ್ಣು ಗೋಣಿಯಲ್ಲಿ ಬಿರಿದು ಬಿದ್ದಿತ್ತು. ಅದನ್ನು ಹೊರಗೆಳೆಯುತ್ತಿದ್ದಂತೆ ಶೆಡ್ಡಿನ ತಗಡು ದಡಾರೆಂದಿತು. ಕಿಟಕಿಯಲ್ಲಿ ನೋಡಿದರೆ ಒಂಟಿ ಸಲಗ. ನಮ್ಮ ಬಾಗಿಲಿಗೆ ಹತ್ತಿಕೊಂಡೇ ನಿಂತಿತ್ತು.

ಅತ್ತೆ ಮೆಲ್ಲಗೆ ಬಾಗಿಲೆಳೆದು ಚಿಲಕ ಹಾಕಿದರು. ಹಾರ್ನ್ ಹೊಡೆಯೋಣವೆಂದರೆ ಬ್ಯಾಟರಿಯಿಲ್ಲ. ಓಡಿಸಿಕೊಂಡು ಹೋಗೋಣವೆಂದರೆ ಚಕ್ರ ನೆಲದ ಮೇಲಿಲ್ಲ. ನನ್ನ ಮೊಬೈಲು ಹೊರಗೆ ಕಲ್ಲಿನ ಮೇಲಿತ್ತು. ಸೊಂಡಿಲು ಬಾಗಿಲ ಸಂದಿಯನ್ನು ಮೇಲಿಂದ ಕೆಳಗೆ ಸವರುವುದು ಕೇಳಿಸುತ್ತಿತ್ತು. ಆಮೇಲೆ ಅದು ಹಣೆ ಕೊಟ್ಟು ಒಮ್ಮೆ ದೂಡಿತು. ಅಡಿಯ ಕಲ್ಲುಗಳು ಕಿರ್ರೆಂದವು.

"ಉರುಳ್ತದ ಅತ್ತೆ," ಎಂದೆ.

"ಸುಮ್ಕಿರು. ಹಣ್ಣ ಹಿಂದಲ ಕಿಟಕೀಲಿ ಎಸ್ದ್ರೆ ಅತ್ಲಾಗ್ ಓಯ್ತದ. ಆಗ ಮೋಟರ್ ಮನೆಗೆ ನಡೆಯನ."

ನಾನು ಎಸೆಯುತ್ತೇನೆಂದು ಗೋಣಿಗೆ ಕೈ ಹಾಕಿದೆ. ಅವರು ನನ್ನ ರಟ್ಟೆ ಹಿಡಿದು ನೆಲಕ್ಕೆ ಕೂರಿಸಿದರು.

"ಮಗನ್ನ ಕಳ್ಕಂಡಿವ್ನಿ. ನಿನ್ನೂವೆ ಕಳ್ಕಳಾಕ ಆಗಕಿಲ್ಲ ಕಣಮ್ಮಿ."

ಮಗ ಹೋದ ಮೇಲೆ ಅವರು ಆ ಸಾವಿನ ಮಾತೆತ್ತಿದ್ದು ಅದೇ ಮೊದಲು. ಗೋಣಿಯನ್ನು ಎದೆಗವಚಿಕೊಂಡು ಬಗ್ಗಿ ಹಿಂದಕ್ಕೆ ಹೋದರು. ಕಿಟಕಿಯ ಗಾಜು ಸರಿಸುತ್ತಿದ್ದಾಗ ಸಲಗ ಮತ್ತೆ ದೂಡಿತು. ಕಲ್ಲು ಜಾರಿ ಗಾಡಿ ಒಂದು ಪಕ್ಕಕ್ಕೆ ಧಡ್ಡನೆ ಕುಸಿಯಿತು. ಅತ್ತೆ ಒಲೆಯ ಕಟ್ಟೆಗೆ ಬಡಿದು ಬಿದ್ದರು. ಎಡಗೈ ಮಣಿಕಟ್ಟು ಸೊಟ್ಟಗಾಗಿದ್ದು ನನಗೆ ಕಂಡಿತು. ಅವರ ಬಾಯಿಂದ ಒಂದು ಸದ್ದೂ ಬರಲಿಲ್ಲ. ಬಲಗೈಯಲ್ಲೇ ಗೋಣಿ ಎತ್ತಿ ಹೊರಕ್ಕೆ ನೂಕಿದರು.

ಸಲಗ ನಿಂತಲ್ಲೇ ನಿಂತಿತ್ತು. ಅತ್ತೆ ನನ್ನ ಕಡೆ ನೋಡಿ ತಲೆಯಾಡಿಸಿದರು, ಈಗಲೇ ಬೇಡವೆಂದು. ಬಹಳ ಹೊತ್ತಾದಂತೆ ಅನಿಸಿತು. ಆಮೇಲೆ ಆ ಭಾರದ ಹೆಜ್ಜೆ ಗಾಡಿಯನ್ನು ಬಳಸಿ ಹಿಂದಕ್ಕೆ ಹೋಯಿತು. ನಾವು ಬಾಗಿಲು ತೆರೆದು ಇಳಿದೆವು. ಓಡಲಿಲ್ಲ, ಅವರು ಓಡಗೊಡಲಿಲ್ಲ. ಮೋಟರ್ ಮನೆಯ ಕತ್ತಲಲ್ಲಿ ಒಬ್ಬರಿಗೊಬ್ಬರು ಒತ್ತಿಕೊಂಡು, ಅದು ಹಲಸು ಮೆಲ್ಲುವುದನ್ನು ಕೇಳುತ್ತಾ ನಿಂತೆವು. ಸದ್ದು ಕೇಳಿ ಬಂದ ಅಕ್ಕಪಕ್ಕದ ತೋಟದವರು ಪಟಾಕಿ ಹೊಡೆದು ಅದನ್ನು ಕಾಡಿಗೆ ಅಟ್ಟಿದ ಮೇಲೆ ಅತ್ತೆ ಮೊದಲ ಸಲ ನರಳಿದರು.

ಮಾರನೆಯ ದಿನ ಗುಂಡ್ಲುಪೇಟೆಯಲ್ಲಿ ಕೈಗೆ ಕಟ್ಟು ಹಾಕಿಸಿಕೊಂಡು ಬಂದವರು ನೇರ ಶೆಡ್ಡಿಗೇ ಹೋದರು. "ಕೆಲ್ಸ ಅರ್ಧಕ್ಕೆ ನಿಂತದ" ಎಂದು ಆಳುಗಳನ್ನು ಕರೆಸಿ ಗಾಡಿ ಎತ್ತಿಸಿ ಮತ್ತೆ ಕಲ್ಲು ಕೊಡಿಸಿದರು. ಮೈದುನ ಪುನಃ ಮಾರುವ ಮಾತೆತ್ತಿದಾಗ ನನ್ನತ್ತ ಕೈ ತೋರಿಸಿದರು.

"ಇವ್ಳು ಓಡಿಸ್ತಾಳ ಕಣ್ಲಾ."

ನಾನು ಅಲ್ಲಿಯವರೆಗೆ ಸ್ಕೂಟಿಯನ್ನೂ ಮುಟ್ಟಿದವಳಲ್ಲ. ಬೇಗೂರು ರಸ್ತೆಯಲ್ಲಿ ನಾನು ಗಾಡಿ ಕಲಿಯುವಾಗ ಪ್ರತಿದಿನ ಅತ್ತೆ ಪಕ್ಕದಲ್ಲಿ ಕೂತರು. ಎದುರಿಗೆ ಲಾರಿ ಬಂದಾಗ ಅವರು ಕಣ್ಣು ಮುಚ್ಚಿಕೊಳ್ಳುವುದು ನನಗೆ ಗೊತ್ತಾಗುತ್ತಿತ್ತು. ಒಮ್ಮೆಯೂ ಇಳಿಯುತ್ತೇನೆ ಎನ್ನಲಿಲ್ಲ.

ಹೋದ ವರ್ಷ ಅತ್ತೆ ಚಾಮರಾಜನಗರದ ಆಸ್ಪತ್ರೆಯಲ್ಲಿ ಮಲಗಿದ್ದಾಗ, ಜೊತೆಗಿರುವ ನಾನು ಏನಾಗಬೇಕೆಂದು ನರ್ಸಮ್ಮ ಅವರನ್ನು ಕೇಳಿದರು. ಉಸಿರಿಗೆ ಕಷ್ಟಪಡುತ್ತಲೇ ನಕ್ಕು, "ನಮ್ ಡ್ರೈವರ್ರು" ಎಂದರು.

ಮರುದಿನ ಬೆಳಗ್ಗೆ ತೀರಿಹೋದರು. ಮೈದುನ ಆಂಬುಲೆನ್ಸ್ ಹುಡುಕುತ್ತಿದ್ದ. ನಾನು ಬೇಡವೆಂದೆ. ಮನೆಗಾಡಿಯ ಮಂಚದ ಮೇಲೆ ಅವರನ್ನು ಮಲಗಿಸಿ, ಊರು ಮುಟ್ಟುವವರೆಗೆ ಒಂದೊಂದು ರೋಡ್ ಹಂಪಿನಲ್ಲೂ ನಿಧಾನ ಮಾಡುತ್ತಾ ನಾನೇ ಓಡಿಸಿಕೊಂಡು ಬಂದೆ.