ಗಂಡನ ಹೆಸರಿಗೆ ಫೌಜಿನ ಶಬ್ದಗಳು

ಯುದ್ಧದ ಕಾಲದಲ್ಲಿ ನಮ್ಮ ಮನೆಯವರು ಫೌಜಿನಲ್ಲಿ ವೈರ್‌ಲೆಸ್ ಕೆಲಸಕ್ಕಿದ್ದರು. ಗುಂಡಿನ ಸದ್ದಿನಲ್ಲಿ ಒಂದಕ್ಷರ ಇನ್ನೊಂದರಂತೆ ಕೇಳಬಾರದೆಂದು ಇಂಗ್ಲಿಷಿನ ಒಂದೊಂದು ಅಕ್ಷರಕ್ಕೂ ಒಂದೊಂದು ಶಬ್ದ ಕೂಗಬೇಕಂತೆ. ಎ ಎಂದರೆ ಆ್ಯಕ್, ಪಿ ಎಂದರೆ ಪಿಪ್. ರಜೆಗೆ ಕುಷ್ಟಗಿಗೆ ಬಂದಾಗ ತಮ್ಮ ಹೆಸರನ್ನೇ ಹಾಗೆ ಬಿಡಿಸಿ ನನಗೆ ಬಾಯಿಪಾಠ ಮಾಡಿಸಿದರು. "ಹಿಂಗ ಅಂದ್ರ ಗಂಡನ ಹೆಸರು ಹೇಳಿದಂಗ ಆಗೂದಿಲ್ಲ, ಅನ್ನು ನೋಡೂಣು" ಎಂದು ಕಾಡುತ್ತಿದ್ದರು. ಮುಂದಿನ ರಜೆಗೆ ಬಂದವರು, ಅಮೇರಿಕದವರ ಜೊತೆ ಮಾತಾಡಲು ಶಬ್ದಗಳು ಬದಲಾಗಿವೆ, ಆ್ಯಕ್ ಹೋಗಿ ಏಬಲ್, ಪಿಪ್ ಹೋಗಿ ಪೀಟರ್ ಆಗಿದೆ ಎಂದರು. ನನಗೆ ಸಿಟ್ಟೇ ಬಂತು. ಕಷ್ಟಪಟ್ಟು ಕಲಿತದ್ದನ್ನು ಯಾರೋ ದೊರೆಗಳು ಕುಳಿತಲ್ಲೇ ಬದಲಿಸಿದರೆ ನಾನೇಕೆ ಒಪ್ಪಬೇಕು? ಹೊಸದನ್ನು ಅರ್ಧ ಮಾತ್ರ ಕಲಿತೆ.

ಆಮೇಲೆ ಅವರು ಬರ್ಮಾ ಕಡೆ ಹೋದರು. ಕಾಗದ ಬರುವುದು ನಿಂತುಹೋಯಿತು. ಸಿಪಾಯಿಗಳ ಮನೆಯವರಿಗೆ ಸುದ್ದಿ ಹೇಳಲು ಕೊಪ್ಪಳಕ್ಕೆ ಫೌಜಿನ ಗುಮಾಸ್ತರು ಬಂದಿದ್ದಾರೆಂದು ತಿಳಿದಾಗ ಮಾವ ಜ್ವರ ಹಿಡಿದು ಮಲಗಿದ್ದರು. ನಾನೂ ಅತ್ತೆಯೂ ಗಾಡಿ ಕಟ್ಟಿಸಿಕೊಂಡು ಹೊರಟೆವು. ನಾವಿಬ್ಬರೇ ಹೋದರೆ ಏನಾಗುತ್ತದೆಂದು ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ.

"ಹೆಸರೇನ್ರೀ?" ಎಂದರು ಗುಮಾಸ್ತರು. ಗಂಡನ ಹೆಸರು ನಾನು ಹೇಳುವಂತಿಲ್ಲ. ಅತ್ತೆಯ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು. ಮಗನಿಗೆ ಇಟ್ಟದ್ದು ಅವರ ಮಾವನ ಹೆಸರು. ಅದನ್ನು ಅವರೂ ಬಾಯಿಬಿಟ್ಟು ಹೇಳುವಂತಿರಲಿಲ್ಲ.

"ಮಗನ್ನ ಏನಂತ ಕರೀತೀರವ್ವಾ?"

"ಅಜ್ಜಪ್ಪ ಅಂತೀನ್ರಿ," ಎಂದರು ಅತ್ತೆ.

ಅಂಥವರು ಯಾರೂ ಇಲ್ಲವೆಂದು ಗುಮಾಸ್ತರು ಮುಂದಿನವರನ್ನು ಕರೆದರು. ನಾನು ಕದಲಲಿಲ್ಲ. ಮೇಜಿನ ಅಂಚು ಹಿಡಿದು ಆ ಶಬ್ದಗಳನ್ನು ಒಂದೇ ಉಸಿರಿಗೆ ಒದರಿದೆ. ಮೊದಲಿನವನ್ನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಾಗಿಬಿಡುತ್ತದೆ. ಕೊನೆಗೆ ಏಬಲ್, ಪಿಪ್, ಪಿಪ್, ಏಬಲ್. ಅದು ನಮ್ಮ ಸೀಮೆಯ ಅರ್ಧ ಗಂಡಸರ ಹೆಸರಿನ ಬಾಲ.

ಗುಮಾಸ್ತರು ತಲೆಯೆತ್ತಿದರು. "ಅರ್ಧ ಹಳೇವು, ಅರ್ಧ ಹೊಸಾವು. ಯಾರು ಕಲಿಸ್ಯಾರವ್ವಾ?"

"ಅವರೇ ಕಲಿಸ್ಯಾರ್ರೀ."

ಆ ಪುಣ್ಯಾತ್ಮ ನಗಲಿಲ್ಲ. ಶಬ್ದಗಳನ್ನು ಇನ್ನೊಮ್ಮೆ ನಿಧಾನವಾಗಿ ಹೇಳಿಸಿ ಬರೆದುಕೊಂಡರು. ಹಾಳೆಗಳನ್ನು ತಿರುವಿ ನೋಡಿದರು. ಆ ಹೊತ್ತಿನಲ್ಲಿ ನಾನು ಪಟ್ಟ ಸಂಕಟ ಶತ್ರುವಿಗೂ ಬೇಡ.

"ಜೀವಂತ ಅದಾರ್ರೀ," ಎಂದರು. "ಕಾಲಿಗೆ ಪೆಟ್ಟಾಗೈತಿ. ದವಾಖಾನಿಯೊಳಗ ಅದಾರ."

ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮರುಕ್ಷಣ ಸೆರಗು ಬಿಟ್ಟು, ಅಷ್ಟೂ ಜನರ ನಡುವೆ, ಮಗನ ಹೆಸರು ಹಿಡಿದು ಗಟ್ಟಿಯಾಗಿ ಕೂಗಿ ಅತ್ತುಬಿಟ್ಟರು.